ಅತ್ತೆ ಒಪ್ಪಿದ ಜನವರಿ

ಅಂಡಮಾನಿಗೆ ಹೋಗಿಬರಲು ವರ್ಷದಲ್ಲಿ ಯಾವ ತಿಂಗಳು ಒಳ್ಳೆಯದು ಎಂದು ಜಂಗಮಕೋಟೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿಮ್ಮನ್ನೇ ಮೇಲಿಂದ ಕೆಳಗೆ ಅಳೆಯುತ್ತಾರೆ. ರೇಷ್ಮೆ ಹುಳು ಸಾಕುವವರ ಊರು ಅದು. ಹುಳುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಪಕ್ಕದ ಊರಿನ ಮದುವೆಗೆ ಹೋದವರೂ ಊಟ ಮುಗಿಸಿದ ಕೈ ಒಣಗುವ ಮೊದಲೇ ಮನೆಗೆ ಓಡಿಬರುತ್ತಾರೆ. ಅಂಥ ಊರಿನಲ್ಲಿ ಪವಿತ್ರ ಒಬ್ಬಳಿಗೆ ಮಾತ್ರ ಈ ಪ್ರಶ್ನೆಯ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮೇ ತಿಂಗಳಲ್ಲಿ ಅಲ್ಲಿ ಮಳೆ ಹಿಡಿದರೆ ಅಕ್ಟೋಬರ್ ತನಕ ಬಿಡುವುದಿಲ್ಲ. ನವೆಂಬರ್‌ನಲ್ಲಿ ಚಂಡಮಾರುತದ ಭಯ. ಡಿಸೆಂಬರ್ ಅರ್ಧ ಕಳೆದ ಮೇಲೆ ಆಕಾಶ ತಿಳಿಯಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಬಿಸಿಲೂ ಹಿತ, ಸಮುದ್ರವೂ ಶಾಂತ. ಮಾರ್ಚ್ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಸೆಕೆ. ಇಷ್ಟನ್ನೂ ಅವಳು ಒಂಬತ್ತು ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದಳು. ಹೋಗಿದ್ದು ಮಾತ್ರ ಒಂದು ಸಲವೂ ಇಲ್ಲ.

ಈ ಹುಚ್ಚು ಹಿಡಿಸಿದವಳು ತನುಜ. ಗೌರಿಬಿದನೂರಿನಲ್ಲಿ ಪವಿತ್ರಳ ಜೊತೆ ಓದಿದವಳು, ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಅಂಡಮಾನಿಗೆ ಹೋಗಿಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದಳು. ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರೂ ಅವಳ ಕಾಲುಂಗುರ ಕಾಣುತ್ತಿತ್ತು. ಸಾವಿರದೈನೂರು ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ಬರೀ ಧೂಳು ಏಳುವ ಸೀಮೆಯಲ್ಲಿ ಹುಟ್ಟಿದ ಪವಿತ್ರಳಿಗೆ ಅಷ್ಟು ನೀರು, ಅಷ್ಟು ಬಿಸಿಲು ಒಟ್ಟಿಗೇ ಇರುವ ಜಾಗವೊಂದು ಇದೆ ಎನ್ನುವುದೇ ತಲೆಗೆ ಹತ್ತಿಬಿಟ್ಟಿತು. ಮದುವೆಯ ನಂತರ ಅವಳು ಮಾಡಿದ ಪ್ರವಾಸವೆಂದರೆ ತಿರುಪತಿ. ಅದೂ ಅತ್ತೆ, ಅತ್ತೆಯ ಇಬ್ಬರು ತಂಗಿಯರು ಎಲ್ಲ ಸೇರಿ ಹನ್ನೊಂದು ಜನ ಒಂದೇ ಟೆಂಪೊ ಟ್ರಾವೆಲರ್‌ನಲ್ಲಿ.

ಗಂಡ ರಮೇಶ್‌ಬಾಬು ಶಿಡ್ಲಘಟ್ಟದಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತ. ಒಳ್ಳೆಯವನು. ಒಳ್ಳೆಯವನು ಎಂದರೆ ಹೆಂಡತಿ ಕೇಳಿದರೆ ಆಗಲಿ ಎನ್ನುತ್ತಿದ್ದ, ಅಮ್ಮ ಬೇಡವೆಂದರೆ ಅದಕ್ಕೂ ಆಗಲಿ ಎನ್ನುತ್ತಿದ್ದ. ಹಾಗಾಗಿ ದ್ವೀಪದ ಮಾತು ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಂಡನಿಂದ ಹೊರಟು ಅವನ ಅಮ್ಮ ಚಿಕ್ಕವೆಂಕಟಮ್ಮನ ಹತ್ತಿರ ಹೋಗಿ ಮುಗಿಯುತ್ತಿತ್ತು.

ಚಿಕ್ಕವೆಂಕಟಮ್ಮನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಡಿಸೆಂಬರ್ ಎಂದರೆ ಧನುರ್ಮಾಸ, ಶೂನ್ಯಮಾಸದಲ್ಲಿ ಯಾರಾದರೂ ಊರು ಬಿಡುತ್ತಾರೆಯೇ ಎನ್ನುವರು. ಜನವರಿಗೆ ಸಂಕ್ರಾಂತಿ ಇತ್ತು, ಫೆಬ್ರವರಿಗೆ ಗೂಡಿಗೆ ಒಳ್ಳೆಯ ರೇಟು ಬರುವ ಬೆಳೆ ಇತ್ತು. ಇವೆಲ್ಲ ಮೇಲುಮೇಲಿನವು. ಇವುಗಳ ಅಡಿಯಲ್ಲಿ ಒಂದು ದೊಡ್ಡ ಕಾರಣವಿತ್ತು, ಅದನ್ನು ಅವರು ಕೊನೆಗೆ ಹೊರತೆಗೆಯುತ್ತಿದ್ದರು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಸಮುದ್ರ ಮುಟ್ಟಬಾರದು, ದಾಟಲಂತೂ ಬಾರದು. ಅವರ ಕಾಲದಲ್ಲಿ ಚನ್ನಕೇಶವ ಎನ್ನುವ ಅವರ ಭಾವ ಯಾರ ಮಾತೂ ಕೇಳದೆ ರಾಮೇಶ್ವರಕ್ಕೆ ಹೋಗಿ ಮುಳುಗಿ ಬಂದದ್ದು, ಆಮೇಲೆ ಆ ಮನೆಯಲ್ಲಿ ಆದದ್ದು, ಎಲ್ಲವನ್ನೂ ಹೇಳುತ್ತಿದ್ದರು.

ಪವಿತ್ರ ಬಸುರಿಯಾಗಿರಲಿಲ್ಲ. ಅದು ಚಿಕ್ಕವೆಂಕಟಮ್ಮನಿಗೂ ಗೊತ್ತಿತ್ತು. ಆದರೆ ವಿಮಾನದ ಟಿಕೆಟ್ ಮೂರು ತಿಂಗಳು ಮೊದಲೇ ತೆಗೆಯಬೇಕಲ್ಲ. ಮೂರು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು, ಆಗ ಟಿಕೆಟ್ ಹರಿದು ಹಾಕುತ್ತೀರಾ ಎನ್ನುವುದು ಅವರ ವಾದ. ಆಗುವುದಿಲ್ಲ ಎಂದು ಯಾರು ಬಾಯಿಬಿಟ್ಟು ಹೇಳುತ್ತಾರೆ? ಪವಿತ್ರಳೇ ಹೇಳಲಾರಳು. ಬಿಸಿಲಿನ ತಿಂಗಳುಗಳು ಒಂದೊಂದಾಗಿ ದಾಟಿಹೋಗುತ್ತಿದ್ದವು.

ಒಂದು ವರ್ಷ ಮಗುವಾಗಲಿ ಎಂದು ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಪ್ರತಿಷ್ಠೆ ಮಾಡಿಸಿ ಸಮುದ್ರಕ್ಕೆ ಓಡಿದರೆ ದೇವರು ಏನು ತಿಳಿದುಕೊಂಡಾನು ಎಂದು ಆ ವರ್ಷವೂ ಹೋಯಿತು. ಆಮೇಲೆ ಬೆಂಗಳೂರಿನ ಆಸ್ಪತ್ರೆ ಶುರುವಾಯಿತು. ಇಂಜೆಕ್ಷನ್ನು, ಸ್ಕ್ಯಾನು, ಹದಿನಾಲ್ಕು ದಿನ ಕಾಯುವುದು, ನರ್ಸ್ ಫೋನ್ ಮಾಡಿ ಈ ಸಲ ಆಗಿಲ್ಲ ಮೇಡಂ ಎನ್ನುವುದು. ಕೋವಿಡ್ಡಿನ ವರ್ಷಗಳಲ್ಲಿ ಎಲ್ಲರಿಗೂ ಎಲ್ಲವೂ ನಿಂತಿತ್ತು, ಆಗ ಮಾತ್ರ ಪವಿತ್ರಳಿಗೆ ಒಂದು ಬಗೆಯ ನೆಮ್ಮದಿ ಇತ್ತು.

ಆ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಮುಟ್ಟಾದ ಹೆಂಗಸರು ಮೂರು ದಿನ ಹುಳುಮನೆಗೆ ಹೋಗುವಂತಿಲ್ಲ, ಹುಳು ಕೆಡುತ್ತದೆ ಎಂಬ ನಂಬಿಕೆ. ಹಾಗಾಗಿ ಯಾವ ಬೆಳಿಗ್ಗೆ ಪವಿತ್ರ ಸೊಪ್ಪು ಹಾಕಲು ಹೋಗದೆ ಜಗುಲಿಯಲ್ಲಿ ಕೂರುತ್ತಾಳೋ ಆ ಬೆಳಿಗ್ಗೆ ಆ ತಿಂಗಳ ಫಲಿತಾಂಶ ಮನೆಗೂ, ಸೊಪ್ಪು ಕೊಯ್ಯಲು ಬರುವ ಅಮ್ಮಾಜಮ್ಮನಿಗೂ, ಅಮ್ಮಾಜಮ್ಮನ ಮೂಲಕ ಬೀದಿಗೂ ಗೊತ್ತಾಗುತ್ತಿತ್ತು. ಚಿಕ್ಕವೆಂಕಟಮ್ಮ ಬಿಸಿ ಕಾಫಿ ತಂದು ಪಕ್ಕದಲ್ಲಿಟ್ಟು ತಾವೇ ಹುಳುಮನೆಗೆ ಹೋಗುತ್ತಿದ್ದರು. ಆದರೆ ಹದಿನೈದು ದಿನ ಕಳೆಯುತ್ತಿದ್ದಂತೆ ಮತ್ತೆ ಅವರ ಕಣ್ಣು ಸೊಸೆಯ ಮೇಲೆ. ಆಮೇಲಿನ ಎರಡು ವಾರ ಸೊಪ್ಪಿನ ಹೊರೆ ಎತ್ತಲು ಬಿಡುತ್ತಿರಲಿಲ್ಲ. ಅರವತ್ತೈದರ ಮುದುಕಿ ತಾವೇ ಹೊರೆ ತಲೆಗೇರಿಸಿಕೊಂಡು, ನೀನು ಬಿಡಿಸಿದ್ದನ್ನ ಹಾಕು ಸಾಕು ಎನ್ನುತ್ತಿದ್ದರು. ಪ್ರತಿ ತಿಂಗಳೂ ಹೀಗೆ, ವರ್ಷದಲ್ಲಿ ಹನ್ನೆರಡು ಸಲ.

ಪವಿತ್ರಳಿಗೆ ಇದರಿಂದ ಮೈ ಉರಿಯುತ್ತಿತ್ತು. ಎರಡು ವರ್ಷದ ಹಿಂದೆ, ಟಿಕೆಟ್ ಇನ್ನೇನು ತೆಗೆಯಬೇಕು ಎನ್ನುವಾಗ ಅತ್ತೆ ಮತ್ತೆ ಅಡ್ಡ ಬಂದರು. ಅವಳಿಗೆ ತಡೆಯಲಾಗಲಿಲ್ಲ.

"ಹೊಟ್ಟೇಲಿ ಇಲ್ದೇ ಇರೋ ಮಗೂಗೆ ಹೆದರ್ಕೊಂಡು ನನ್ನ ಕಾಲು ಕಟ್ಟಾಕ್ತಿದ್ದೀರಲ್ಲ ಅತ್ತೆ. ಇದೇನು ನ್ಯಾಯನಾ?"

ಚಿಕ್ಕವೆಂಕಟಮ್ಮ ಸೊಸೆಯ ಮಾತಿಗೆ ಸಿಟ್ಟು ಮಾಡಿಕೊಳ್ಳಲಿಲ್ಲ. "ಅದು ಬಂದಾಗ ನಾವು ಮನೇಲಿ ಇರ್ಬೇಕಲ್ಲಮ್ಮ" ಎಂದರು, ನೆಂಟರು ಬರುವ ಸುದ್ದಿ ಹೇಳಿದಷ್ಟೇ ಸಲೀಸಾಗಿ. ಆ ದಿನದಿಂದ ಪವಿತ್ರ ದ್ವೀಪದ ಮಾತು ಎತ್ತಲಿಲ್ಲ. ಅತ್ತೆಯ ಜೊತೆ ಬೇಕಾದಷ್ಟೇ ಮಾತು. ಈ ಮುದುಕಿ ಬದುಕಿರುವ ತನಕ ನಾನು ಸಮುದ್ರ ನೋಡುವುದಿಲ್ಲ ಎಂದು ತನುಜಳಿಗೆ ಫೋನಿನಲ್ಲಿ ಹೇಳಿದಳು.

ಹಾಗೆ ಹೇಳಿದವಳಿಗೆ ಈ ಅಕ್ಟೋಬರಿನಲ್ಲಿ, ದಸರಾ ಮುಗಿದ ವಾರ, ಅದೇ ಅತ್ತೆ ಹುಳುಮನೆಯ ಬಾಗಿಲಲ್ಲಿ ನಿಂತು ಆ ಮಾತು ಹೇಳಿದರು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಎರಡು ದಿನವಾಗಿತ್ತು, ಹಗಲೂ ರಾತ್ರಿ ಮೇಯುವ ಕಾಲ. ಇಬ್ಬರ ಕೈಗೂ ಬಿಡುವಿರಲಿಲ್ಲ.

"ಅದೇನೋ ದ್ವೀಪ ಅಂತಿದ್ಯಲ್ಲ ಪವಿತ್ರಮ್ಮ, ಸಂಕ್ರಾಂತಿ ಆಗ್ತಿದ್ದಂಗೆ ಇಬ್ರೂ ಹೋಗ್ಬನ್ನಿ. ಆ ಬೆಳೆ ನಾನೂ ಅಮ್ಮಾಜೀನೂ ನೋಡ್ಕೋತೀವಿ."

ಪವಿತ್ರ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು ನಿಂತಳು. ತಮಾಷೆಯೇ ಎಂದು ಮುಖ ನೋಡಿದಳು. ಚಿಕ್ಕವೆಂಕಟಮ್ಮ ತಮಾಷೆ ಮಾಡುವ ಹೆಂಗಸಲ್ಲ. ಟಿಕೆಟ್ ಈಗಲೇ ತೆಗೆಸಿಬಿಡಿ, ಆಮೇಲೆ ಸಿಗುವುದಿಲ್ಲವಂತೆ ಎಂದೂ ಸೇರಿಸಿ, ಹೊರಗೆ ಬಿದ್ದಿದ್ದ ಹೊರೆಯನ್ನು ತೋರಿಸಿ ಅದನ್ನ ಒಳಗೆ ಎತ್ಕೊಂಡು ಬಾ ಎಂದು ಹೇಳಿ ಹೋದರು. ಪವಿತ್ರ ಹೊರೆ ಎತ್ತಿಕೊಂಡಳು. ಅದರ ಭಾರವೇ ಅವಳಿಗೆ ಗೊತ್ತಾಗಲಿಲ್ಲ. ಆ ದಿನ ಅವಳು ಹುಳುವಿನ ತಟ್ಟೆಗಳ ನಡುವೆ ತನ್ನಷ್ಟಕ್ಕೆ ನಗುತ್ತ ಓಡಾಡಿದಳು. ಸಂಜೆ ಗಂಡನಿಗೆ ಹೇಳಿದರೆ ಅವನು ಅಚ್ಚರಿಪಡಲೂ ಇಲ್ಲ, ಭಾನುವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ ಬುಕ್ ಮಾಡಿಸಣ ಎಂದ. ಅಮ್ಮನನ್ನು ಇವನೇ ಒಪ್ಪಿಸಿರಬೇಕು ಎಂದುಕೊಂಡ ಅವಳಿಗೆ ಬಹಳ ದಿನದ ನಂತರ ಗಂಡನ ಮೇಲೆ ಪ್ರೀತಿ ಉಕ್ಕಿತು, ರಾತ್ರಿ ಊಟಕ್ಕೆ ಅವನಿಗಿಷ್ಟವಾದ ಹುರುಳಿಕಾಳಿನ ಬಸ್ಸಾರು ಮಾಡಿದಳು.

ಭಾನುವಾರ ಇಬ್ಬರೂ ಬೈಕಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದರು. ಟ್ರಾವೆಲ್ಸ್ ನಡೆಸುವ ಚಿರಂಜೀವಿ ರಮೇಶ್‌ಬಾಬುವಿನ ಕಾಲೇಜು ಗೆಳೆಯ. ಬಂದವರಿಗೆಲ್ಲ ಕಾಶಿ, ಶಿರಡಿ ಮಾರಿ ಮಾರಿ ಅವನಿಗೆ ಬೇಸರ ಬಂದಿತ್ತೋ ಏನೋ, ಅಂಡಮಾನ್ ಎಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂತ. ಯಾವ ತಿಂಗಳು ಒಳ್ಳೆಯದು ಎಂದು ಅವನು ವಿವರಿಸಲು ಶುರುಮಾಡಿದರೆ ಪವಿತ್ರಳೇ ಮುಂದೆ ಹೋಗಿ ನವೆಂಬರ್‌ನ ಗಾಳಿಯಿಂದ ಏಪ್ರಿಲ್‌ನ ಸೆಕೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂನೇ ನಮ್ಮ ಆಫೀಸಿಗೆ ಕೆಲಸಕ್ಕೆ ಕಳಿಸೋ ಎಂದು ಚಿರಂಜೀವಿ ನಕ್ಕ. ಜನವರಿ ಹದಿನೆಂಟಕ್ಕೆ ಹೊರಡುವುದು, ಆರು ದಿನ, ನಡುವೆ ಎರಡು ದಿನ ಸಣ್ಣ ದ್ವೀಪದಲ್ಲಿ ಎಂದು ತೀರ್ಮಾನವಾಯಿತು.

ಟಿಕೆಟ್‌ನಲ್ಲಿ ಎರಡು ಥರ ಇದೆ ಎಂದ ಚಿರಂಜೀವಿ. ಒಂದು, ಏನಾದರೂ ಹೆಚ್ಚುಕಡಿಮೆಯಾದರೆ ದಿನ ಬದಲಾಯಿಸಬಹುದು, ಸ್ವಲ್ಪ ಜಾಸ್ತಿ. ಇನ್ನೊಂದು ಬದಲಾಯಿಸುವಂತಿಲ್ಲ. ಪವಿತ್ರ ಯೋಚಿಸಲೇ ಇಲ್ಲ, ಬದಲಾಯಿಸುವ ಥರದ್ದೇ ಇರಲಿ ಎಂದಳು. ಒಂಬತ್ತು ವರ್ಷ ಅತ್ತೆಯ ಬಾಯಲ್ಲಿ ಕೇಳಿ ಕೇಳಿ ಬೈದುಕೊಂಡ ಮಾತು ಅವಳ ಒಳಗೇ ಮನೆ ಮಾಡಿಕೊಂಡಿತ್ತು. ಮೂರು ತಿಂಗಳಿದೆಯಲ್ಲ, ಯಾರಿಗೆ ಗೊತ್ತು ಎಂದು ಅವಳಿಗೇ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಬೇಡ ಪವಿ" ಎಂದ ರಮೇಶ್‌ಬಾಬು, ಮೇಜಿನ ಮೇಲಿನ ಬಣ್ಣದ ಕಾಗದ ನೋಡುತ್ತ. "ಬದಲಾಯ್ಸೋ ಅಂಥದ್ದು ಏನೂ ಬರಲ್ಲ."

ಚಿಲ್ಲರೆ ಸಾಮಾನು ತರುವಾಗಲೂ ಬಿಲ್ ಜೋಪಾನವಾಗಿಡುವ ಮನುಷ್ಯ ಅವನು, ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಎರಡು ಸಲ ಕೇಳುವವನು. ಪವಿತ್ರ ಅವನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಚಿರಂಜೀವಿ ಏನೋ ಹೇಳುತ್ತಲೇ ಇದ್ದ, ಗಾಜಿನ ತಳದ ದೋಣಿ, ನೀರಿನೊಳಗೆ ಬಣ್ಣದ ಮೀನು. ಅವಳಿಗೆ ಒಂದೂ ಕೇಳಲಿಲ್ಲ. ಈ ವಾರವೆಲ್ಲ ಅತ್ತೆ ತನ್ನ ಕೈಯಲ್ಲಿ ಹೊರೆ ಎತ್ತಿಸಿದ್ದು ಈಗ ನೆನಪಾಯಿತು. ಅದು ತನ್ನ ತಿಂಗಳ ಎರಡನೇ ಅರ್ಧ, ಅತ್ತೆ ಹೊರೆ ಮುಟ್ಟಲೂ ಬಿಡದಿದ್ದ ದಿನಗಳು ಎಂಬುದೂ ನೆನಪಾಯಿತು. ಖುಷಿಯಲ್ಲಿ ತಾನು ಅದನ್ನು ಗಮನಿಸಿಯೇ ಇರಲಿಲ್ಲ.

ಟಿಕೆಟ್ ಕೈಗೆ ಬಂತು. ಶಿಡ್ಲಘಟ್ಟದ ರಸ್ತೆಯಲ್ಲಿ ಅರ್ಧ ದಾರಿಗೆ ಬಂದ ಮೇಲೆ ಪವಿತ್ರ ಬೈಕ್ ನಿಲ್ಲಿಸಿ ಎಂದಳು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಯಾರದೋ ಕಲ್ಲು ನೆಟ್ಟ ಸೈಟು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು.

"ರಿಪೋರ್ಟ್ ಬಂತಾ?" ಎಂದು ಕೇಳಿದಳು.

ಎರಡನೇ ಸಲದ ಚಿಕಿತ್ಸೆಯೂ ಕೈಕೊಟ್ಟ ಮೇಲೆ, ಮೂರನೇ ಸಲ ಮಾಡುವುದೋ ಬೇಡವೋ ನೋಡೋಣ ಎಂದು ಡಾಕ್ಟರು ಆಗಸ್ಟ್‌ನಲ್ಲಿ ಒಂದಿಷ್ಟು ಪರೀಕ್ಷೆ ಮಾಡಿಸಿದ್ದರು. ಆಸ್ಪತ್ರೆಯ ಫೈಲಿನಲ್ಲಿ ಇದ್ದದ್ದು ರಮೇಶ್‌ಬಾಬುವಿನ ಫೋನ್ ನಂಬರ್. ಅವಳು ಕೇಳಿದಾಗಲೆಲ್ಲ ಇನ್ನೂ ಬಂದಿಲ್ಲ, ಲ್ಯಾಬಿನವರು ತಡ ಮಾಡುತ್ತಿದ್ದಾರೆ ಎನ್ನುತ್ತಿದ್ದ. ಸರ್ಕಾರಿ ಕಚೇರಿಯಲ್ಲಿ ಕೂರುವವನು, ತಡವಾಗುವುದರ ಬಗ್ಗೆ ಅವನು ಹೇಳಿದರೆ ಯಾರಾದರೂ ನಂಬುತ್ತಾರೆ.

ರಮೇಶ್‌ಬಾಬು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟ. ಬಂದು ಒಂದು ತಿಂಗಳಾಯಿತು ಎಂದ. ಇನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ, ಮೈಗೆ ಸುಮ್ಮನೆ ಹಿಂಸೆ ಎಂದು ಡಾಕ್ಟರು ಫೋನಿನಲ್ಲೇ ಹೇಳಿದರಂತೆ. ಹೇಳಿದ್ದನ್ನು ಅವನು ಮೂರು ದಿನ ಒಳಗೇ ಇಟ್ಟುಕೊಂಡನಂತೆ. ನಾಲ್ಕನೇ ದಿನ ತಡೆಯಲಾಗದೆ ಅಮ್ಮನ ಹತ್ತಿರ ಅತ್ತನಂತೆ.

ಪವಿತ್ರಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ನನ್ನ ಮೈಯ ಸುದ್ದಿ ನನಗಿಂತ ಮೊದಲು ಅತ್ತೆಗೆ ಹೇಗೆ ಹೋಯಿತು, ನಾನು ಈ ಮನೆಯಲ್ಲಿ ಏನು ಎಂದು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಧ್ವನಿ ಏರಿ, ದಾರಿಯಲ್ಲಿ ಹೋಗುತ್ತಿದ್ದ ಆಟೋದವನೊಬ್ಬ ತಿರುಗಿ ನೋಡಿದ.

"ನಾನು ಅವತ್ತೇ ಹೇಳ್ತಿದ್ದೆ ಕಣೇ" ಎಂದ ರಮೇಶ್‌ಬಾಬು. "ಅಮ್ಮನೇ ಬೇಡ ಅಂದ್ಲು. ಮೊದ್ಲು ಅವಳಿಗೆ ಸಮುದ್ರ ತೋರಿಸ್ಕೊಂಡು ಬಾ, ಒಂದ್ಸಲ ಮನಸಾರೆ ನಕ್ಕು ಬರ್ಲಿ, ಆಮೇಲೆ ಹೇಳು ಅಂದ್ಲು."

ಪವಿತ್ರ ರಸ್ತೆಯ ಬದಿಯಲ್ಲೇ ಕುಕ್ಕರಗಾಲಲ್ಲಿ ಕೂತಳು. ಒಂಬತ್ತು ವರ್ಷ ಅವಳು ಆ ಮುದುಕಿಯನ್ನು ಬೈದುಕೊಂಡಿದ್ದಳು. ಒಂದೊಂದು ತಿಂಗಳನ್ನೂ ಕಿತ್ತುಕೊಂಡವಳು, ಕಾಲಿಗೆ ಹಗ್ಗ ಕಟ್ಟಿದವಳು ಎಂದುಕೊಂಡಿದ್ದಳು. ಈಗ ನೋಡಿದರೆ ಅಷ್ಟೂ ವರ್ಷ ಅತ್ತೆ ಆ ತಿಂಗಳುಗಳನ್ನು ಇನ್ನೂ ಬಾರದ ಇನ್ನೊಬ್ಬರಿಗಾಗಿ ಖಾಲಿ ಇಟ್ಟುಕೊಂಡು ಕೂತಿದ್ದರು. ಡಾಕ್ಟರು ತಲೆಯಾಡಿಸಿದಾಗ, ನಾಗರಕಲ್ಲು ಸುಮ್ಮನಿದ್ದಾಗ, ಗಂಡ ಮಂಕಾದಾಗ, ಕೊನೆಗೆ ತಾನೇ ಕೈಚೆಲ್ಲಿದಾಗಲೂ ಊರಿನಲ್ಲಿ ಒಬ್ಬರು ಮಾತ್ರ ಬೇಡ, ಮೂರು ತಿಂಗಳು ತಡಿ ಎಂದು ಹಟ ಹಿಡಿದಿದ್ದರು. ಅವರು ಅಷ್ಟು ಗಟ್ಟಿಯಾಗಿ ನಂಬಿದ್ದರಿಂದಲೇ ತಾನು ನಂಬದೆ ಇರಲು, ಸಿಡುಕಲು, ದ್ವೀಪದ ಕನಸು ಕಾಣಲು ಸಾಧ್ಯವಾಗಿತ್ತು ಎಂಬುದು ಅವಳಿಗೆ ಈ ರಸ್ತೆಯಲ್ಲಿ ಹೊಳೆಯಿತು. ಈಗ ಅವರೂ ಬಿಟ್ಟುಬಿಟ್ಟಿದ್ದರು. ಅವಳಿಗೆ ಅಳು ಬಂತು, ಅತ್ತಳು. ರಮೇಶ್‌ಬಾಬು ಪಕ್ಕದಲ್ಲಿ ನಿಂತು, ಎಬ್ಬಿಸಲೂ ತಿಳಿಯದೆ, ಕೂರಲೂ ತಿಳಿಯದೆ, ಅವಳ ತಲೆಯ ಮೇಲೆ ಬಿಸಿಲು ಬೀಳದಂತೆ ಅಡ್ಡ ನಿಂತುಕೊಂಡ.

ಮನೆ ಸೇರುವ ಹೊತ್ತಿಗೆ ಸಂಜೆಯ ಸೊಪ್ಪಿನ ಸಮಯ. ಪವಿತ್ರ ಮುಖ ತೊಳೆಯಲಿಲ್ಲ, ಸೀರೆ ಬದಲಾಯಿಸಲಿಲ್ಲ, ನೇರ ಹುಳುಮನೆಗೆ ಹೋದಳು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಒಳಗೆ ತುಂಬಿತ್ತು, ಹೊಸಬರು ಕೇಳಿದರೆ ಹೊರಗೆ ತುಂತುರು ಮಳೆ ಎಂದುಕೊಳ್ಳಬೇಕು. ಚಿಕ್ಕವೆಂಕಟಮ್ಮ ಬೆನ್ನು ಮಾಡಿ ನಿಂತು ಮೇಲಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದರು. ಟಿಕೆಟ್ ಆಯ್ತಾ ಎಂದು ತಿರುಗದೆಯೇ ಕೇಳಿದರು. ಆಯಿತು ಎಂದಳು ಪವಿತ್ರ. ಯಾವತ್ತಿಗೆ ಎಂದರು. ಹದಿನೆಂಟಕ್ಕೆ ಎಂದಳು. ಒಳ್ಳೇದಾಯ್ತು, ಒಂದು ಟೋಪಿ ತಗೋ, ಬಿಸಿಲಿಗೆ ನಿಂಗೆ ತಲೆನೋವು ಬರುತ್ತೆ ಎಂದರು.

"ಅತ್ತೆ" ಎಂದಳು ಪವಿತ್ರ. "ಬೇಡ ಅನ್ನಿ."

ಚಿಕ್ಕವೆಂಕಟಮ್ಮ ತಿರುಗಿದರು. ಸೊಸೆಯ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಯಿತು. ಸೊಪ್ಪು ಹಿಡಿದ ಕೈ ಕೆಳಗಿಳಿಯಿತು.

"ಜನವರಿ ಬೇಡ ಅನ್ನಿ. ಏನಾದ್ರೂ ಒಂದು ಹೇಳಿ. ಹಬ್ಬ ಅನ್ನಿ, ಬೆಳೆ ಅನ್ನಿ, ಏನಾದ್ರೂ ಅನ್ನಿ. ಇನ್ನು ಯಾವತ್ತೂ ನಾನು ಎದುರು ಮಾತಾಡಲ್ಲ. ಒಂದ್ಸಲ ಬೇಡ ಅನ್ನಿ ಅತ್ತೆ."

ಸಂಕಟವಾದರೆ ಆ ಮನೆಯ ಹಿರಿಯರ ನಾಲಿಗೆ ತೆಲುಗಿಗೆ ಹೊರಳುತ್ತದೆ. ಚಿಕ್ಕವೆಂಕಟಮ್ಮ ಅಮ್ಮಾ, ನಾ ತಲ್ಲೀ ಎಂದು ಏನೋ ಶುರುಮಾಡಿದರು, ಅದು ಅಲ್ಲೇ ನಿಂತಿತು. ಅವರು ಯೋಚಿಸುತ್ತಿದ್ದುದು ಪವಿತ್ರಳಿಗೆ ಕಾಣುತ್ತಿತ್ತು. ನಿಜಕ್ಕೂ ಹುಡುಕುತ್ತಿದ್ದರು. ತುಟಿ ಅಲುಗಿತು, ಕಣ್ಣು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಹೋಗಿ ಹಿಂದಕ್ಕೆ ಬಂತು. ವರ್ಷದ ಯಾವ ತಿಂಗಳನ್ನು ಮುಂದಿಟ್ಟರೂ ನಿಂತ ಕಾಲಲ್ಲಿ ನಾಲ್ಕು ಅಡ್ಡಿ ತೆಗೆಯುತ್ತಿದ್ದ ಹೆಂಗಸಿಗೆ ಈ ಒಂದು ತಿಂಗಳಿಗೆ ಒಂದೂ ಸಿಗಲಿಲ್ಲ.

ಅವರು ಹತ್ತಿರ ಬಂದರು. ಸೊಪ್ಪಿನ ಹಸಿರು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೊಸೆಯ ಕೆನ್ನೆ ಮುಟ್ಟಿದರು.

"ಜನವರೀಲಿ ಅಲ್ಲಿ ಬಿಸ್ಲು ಹಿತವಾಗಿರುತ್ತಂತೆ ಕಣಮ್ಮ" ಎಂದರು. "ಹೋಗ್ಬಾ."